ಅಮ್ಮ, ನಾನು ಮತ್ತು ಹಾಡುವ ಕ್ಯಾಲ್ಕುಲೇಟರ್

ಮೆಟ್ರೋ ಸ್ಟೇಷನ್ನಿನ ತಪಾಸಣೆಯಲ್ಲಿ ನನ್ನ ಬ್ಯಾಗನ್ನು ಈವರೆಗೆ ಮೂರು ಸಲ ಪಕ್ಕಕ್ಕೆ ತೆಗೆದಿಟ್ಟಿದ್ದಾರೆ. ಮೂರು ಸಲವೂ ಕಾರಣ ಒಂದೇ. ಟಿಫಿನ್ ಬಾಕ್ಸು, ಕೊಡೆ, ಚಾರ್ಜರುಗಳ ನಡುವೆ ಪರದೆಯ ಮೇಲೆ ಒಂದು ಬೋಳು ಸರ್ಕ್ಯೂಟ್ ಬೋರ್ಡು, ಅದರ ಬೆನ್ನಿಗೆ ಎರಡು ಸೆಲ್ಲು ಕಾಣಿಸುತ್ತೆ. ನೋಡಿದವರಿಗೆ ಅನುಮಾನ ಬರದೇ ಇದ್ದರೇ ಆಶ್ಚರ್ಯ.

"ಏನ್ ಮೇಡಂ ಇದು?"

ವಿವರಿಸೋಕೆ ಹೋದರೆ ಇನ್ನೂ ಕಷ್ಟ ಅಂತ ಮೊದಲ ಸಲವೇ ಗೊತ್ತಾಗಿತ್ತು. ಅದಕ್ಕೆ ಪ್ಲೇ ಗುಂಡಿ ಒತ್ತಿದೆ. 'ಢುಂ ಟಕ್ ಢುಢುಂ ಟಕ್' ಅಂತು. ಹಿಂದೆ ನಿಂತಿದ್ದ ಹುಡುಗ ನಕ್ಕ. ತಪಾಸಣೆಯವರೂ ನಕ್ಕು, "ಮಕ್ಕಳ ಆಟದ ಸಾಮಾನಾ?" ಅಂದರು. ನಾನು "ಹೂಂ ಸರ್" ಅಂದೆ. ಅದು ಪೂರ್ತಿ ಸುಳ್ಳೂ ಅಲ್ಲ ಬಿಡಿ.

ಅದರ ಹೆಸರು ಪಾಕೆಟ್ ಆಪರೇಟರ್, ಪಿಒ-33. ಸ್ವೀಡನ್ನಿನ ಸ್ಟಾಕ್‌ಹೋಮಿನಲ್ಲಿರುವ ಟೀನೇಜ್ ಎಂಜಿನಿಯರಿಂಗ್ ಅನ್ನೋ ಕಂಪನಿ 2018ರಲ್ಲಿ ತಂದದ್ದು. ನೋಡೋಕೆ ಶೆಟ್ಟರ ಅಂಗಡಿಯ ಹಳೇ ಕ್ಯಾಲ್ಕುಲೇಟರು, ಅದೂ ಮೇಲಿನ ಕವಚ ಕಳಚಿದ್ದು. ಹದಿನಾರು ಗುಂಡಿ, ಎರಡು ತಿರುಗುವ ಗುಬ್ಬಿ, ಬೊಂಬೆಗಳು ಕುಣಿಯೋ ಒಂದು ಪುಟ್ಟ ಪರದೆ, ಒಂದು ಮೈಕು, ಬೆನ್ನಿಗೆ ಎರಡು ಸಣ್ಣ ಎಎಎ ಸೆಲ್ಲು. ಮೈಕಿನ ಮುಂದೆ ಯಾವ ಸದ್ದು ಮಾಡಿದರೂ ಹಿಡಿದಿಟ್ಟುಕೊಳ್ಳುತ್ತೆ. ಮೊದಲ ಎಂಟು ಜಾಗದಲ್ಲಿ ಇಟ್ಟ ಸದ್ದನ್ನು ಹದಿನಾರು ಗುಂಡಿಗಳ ಮೇಲೆ ಏರಿಳಿಸಿ ಸ್ವರದ ಹಾಗೆ ನುಡಿಸಬಹುದು. ಉಳಿದ ಎಂಟರಲ್ಲಿ ಇಟ್ಟದ್ದನ್ನು ಅದೇ ತುಂಡುತುಂಡು ಮಾಡಿ ಗುಂಡಿಗಳಿಗೆ ಹಂಚುತ್ತೆ. ಆಮೇಲೆ ಹದಿನಾರು ಹೆಜ್ಜೆಯ ಒಂದು ಸಾಲಿನಲ್ಲಿ ಎಲ್ಲಿ ಯಾವ ಸದ್ದು ಬೇಕೋ ಅಲ್ಲಿ ಕೂರಿಸಿದರೆ ಆಯ್ತು, ಸುತ್ತುತ್ತಾ ಇರುತ್ತೆ. ಇಂಟರ್ನೆಟ್ ಬೇಡ, ಲ್ಯಾಪ್‌ಟಾಪ್ ಬೇಡ, ಲಾಗಿನ್ನೂ ಬೇಡ.

ಒಂದೇ ತೊಂದರೆ. ಅದರ ಹೊಟ್ಟೆಯಲ್ಲಿ ಜಾಗ ಇರೋದು ಒಟ್ಟು 40 ಸೆಕೆಂಡಿಗೆ ಮಾತ್ರ. ಹೊಸದು ಬೇಕಂದ್ರೆ ಹಳೇದನ್ನು ಅಳಿಸಬೇಕು. ಅಳಿಸಿದ್ದು ಮತ್ತೆ ಬರಲ್ಲ. ಈ ಬರಹ ಬರೆಯೋಕೆ ಕಾರಣವೂ ಅದೇ.

ನನ್ನ ಆಫೀಸು ವೈಟ್‌ಫೀಲ್ಡ್ ಕಡೆ, ಇರೋದು ವಿಜಯನಗರದ ಪಿಜಿಯಲ್ಲಿ. ಹೋಗಿಬರೋಕೆ ದಿನಕ್ಕೆ ಹೆಚ್ಚುಕಮ್ಮಿ ಎರಡೂವರೆ ಗಂಟೆ. ನೇರಳೆ ಮಾರ್ಗ ಪೂರ್ತಿ ಶುರುವಾದ ಮೇಲೆ ಬಸ್ಸಿನ ನರಕ ತಪ್ಪಿದ್ದು ನಿಜ, ಆದರೆ ಕೂತರೆ ಮಾಡೋಕೆ ಕೆಲಸ ಇಲ್ಲ. ಫೋನ್ ತೆಗೆದರೆ ರೀಲ್ಸು, ರೀಲ್ಸಿನ ಮಧ್ಯೆ ಮ್ಯಾನೇಜರ್ ಮೆಸೇಜು. ಒಂದು ದಿನ ಆಫೀಸಿನ ಹುಡುಗನೊಬ್ಬ ಈ ಯಂತ್ರ ಮಾರ್ತೀನಿ ಅಂದ. 6,500 ರೂಪಾಯಿ ಕೊಟ್ಟೆ. ಪಿಜಿಯ ಗೆಳತಿಗೆ ಹೇಳಿದ್ದು ಎರಡು ಸಾವಿರ ಅಂತ.

ಮೊದಲ ತಿಂಗಳು ಕೋತಿಗೆ ಹೆಂಡ ಕುಡಿಸಿದ ಹಾಗಿತ್ತು ನನ್ನ ಸ್ಥಿತಿ. ಸಿಕ್ಕಿದ್ದೆಲ್ಲ ರೆಕಾರ್ಡು. ಮೆಟ್ರೋ ಬಾಗಿಲು ಮುಚ್ಚುವಾಗಿನ ಪೀಂ ಪೀಂ. ದರ್ಶಿನಿಯ ಕಾವಲಿ ಮೇಲೆ ನೀರು ಎರಚಿದಾಗಿನ ಚುಯ್. ಪಿಜಿಯ ಸ್ಟೀಲ್ ತಟ್ಟೆ ತೊಟ್ಟಿಗೆ ಬೀಳೋ ಠಣ್. ಈ ಠಣ್ ಇದೆಯಲ್ಲ, ಅದನ್ನು ಎರಡು ಗುಂಡಿ ಕೆಳಗಿಳಿಸಿದರೆ ಥೇಟ್ ದೇವಸ್ಥಾನದ ಜಾಗಟೆ. ಇಯರ್‌ಫೋನ್ ಹಾಕ್ಕೊಂಡು ಮೆಜೆಸ್ಟಿಕ್ಕಿನಿಂದ ಇಂದಿರಾನಗರದವರೆಗೆ ಒಂದು ತಾಳ ಕಟ್ಟೋದು, ಅಲ್ಲಿಂದ ಮುಂದೆ ಅದನ್ನು ಕೆಡಿಸೋದು. ಎರಡು ಸಲ ಇಳಿಯೋ ಸ್ಟೇಷನ್ ತಪ್ಪಿತು.

"ಫೋನಲ್ಲೇ ಆ್ಯಪ್ ಇದೆಯಲ್ಲ, ಇದ್ಯಾಕೆ?" ಅಂತ ಎಲ್ಲರೂ ಕೇಳ್ತಾರೆ. ಇದೆ. ಇದಕ್ಕಿಂತ ಸಾವಿರ ಪಾಲು ಶಕ್ತಿಯ ಆ್ಯಪ್‌ಗಳಿವೆ. ಆದರೆ ಅವುಗಳಲ್ಲಿ ನಾನು ಒಂದು ಹಾಡನ್ನೂ ಮುಗಿಸಿಲ್ಲ. ನೂರು ಟ್ರ್ಯಾಕ್ ಕೊಟ್ಟರೆ ನೂರೂ ಟ್ರ್ಯಾಕ್ ನೋಡ್ತಾ ಕೂರೋ ಜಾತಿ ನಾನು. ಇಲ್ಲಿ ಹದಿನಾರು ಹೆಜ್ಜೆ, 40 ಸೆಕೆಂಡು, ಇಷ್ಟೇ. ಕೈಯಲ್ಲಿ ಇಷ್ಟೇ ಇದೆ ಅಂತ ಗೊತ್ತಾದ ಮೇಲೆ ಕೆಲಸ ತಾನಾಗೇ ಶುರುವಾಗುತ್ತೆ. ತಿಂಗಳ ಕೊನೆಯ ಅಡುಗೆ ಹಾಗೆ.

ಇದನ್ನು ಬರೆಯೋವಾಗ ಒಂದು ವಿಷಯ ಮುಚ್ಚಿಟ್ಟರೆ ಮೋಸ ಆಗುತ್ತೆ. ನಾನು ಸಂಗೀತ ಬಿಟ್ಟವಳು. ಅಮ್ಮ ಸಾಗರದಲ್ಲಿ ಸಂಗೀತದ ಟೀಚರ್. ನಡುಮನೆಯಲ್ಲಿ ಚಾಪೆ ಹಾಸಿ ಮೂವತ್ತು ವರ್ಷದಿಂದ ಮಕ್ಕಳಿಗೆ ಸರಳೆ, ಜಂಟಿ, ಗೀತೆ ಹೇಳಿಕೊಡ್ತಾ ಬಂದಿದ್ದಾಳೆ. ನಾನು ಜೂನಿಯರ್ ಪರೀಕ್ಷೆ ಪಾಸಾಗಿದ್ದೆ. ಸೀನಿಯರಿಗೆ ಅಭ್ಯಾಸ ನಡೀತಿತ್ತು. ಪಿಯುಸಿ ಬಂತು, ಸಿಇಟಿ ಕೋಚಿಂಗ್ ಬಂತು, "ಅಮ್ಮಾ, ಈ ವರ್ಷ ಬೇಡ" ಅಂದೆ. "ಸರಿ, ಬಿಡು" ಅಂದಳು. ಅಷ್ಟೇ. ಬೈದಿದ್ದರೆ ಚೆನ್ನಾಗಿತ್ತು. ಮುಂದಿನ ಹನ್ನೊಂದು ವರ್ಷ ನಮ್ಮಿಬ್ಬರ ಫೋನು ಮಾತುಕತೆಯಲ್ಲಿ ಊಟ, ಮಳೆ, ಅಡಿಕೆ ರೇಟು, ಯಾರದೋ ಮದುವೆ ಎಲ್ಲ ಬಂತು, ಸಂಗೀತ ಒಂದು ಬಿಟ್ಟು.

ಹಾಗಾಗಿ ಯಂತ್ರ ತಗೊಂಡು ಮೊದಲ ಸಲ ಊರಿಗೆ ಹೋದಾಗ ಅದನ್ನು ಬ್ಯಾಗಿನ ತಳದಲ್ಲಿ ಇಟ್ಟಿದ್ದೆ. ಅಮ್ಮನಿಗೆ ಒಗೆಯೋ ಬಟ್ಟೆ ತೆಗೆಯುವಾಗ ಸಿಕ್ಕಿತು.

"ಇದೇನೇ, ಕ್ಯಾಲ್ಕುಲೇಟರ್ ಒಡ್ಕೊಂಡಿದ್ದೀಯಲ್ಲ?"

"ಕ್ಯಾಲ್ಕುಲೇಟರ್ ಅಲ್ಲಮ್ಮ. ಸಂಗೀತ ಮಾಡೋ ಯಂತ್ರ."

"ಸಂಗೀತ ಮಾಡೋದಲ್ಲ ಪುಟ್ಟಿ, ಕಲಿಯೋದು."

ಚುಚ್ಚಿತು. ಆದರೂ ನುಡಿಸಿ ತೋರಿಸಿದೆ. ತಟ್ಟೆಯ ಠಣ್, ಕಾವಲಿಯ ಚುಯ್, ನಡುವೆ ಆಟೋದ ಟುರ್ರ್. ಅಮ್ಮ ಮುಖ ಗಂಟಿಕ್ಕಿಕೊಂಡೇ ಕೇಳಿದಳು. ಆದರೆ ಅವಳ ಬಲಗೈ ಸುಮ್ಮನಿರಲಿಲ್ಲ. ತೊಡೆಯ ಮೇಲೆ ಆದಿತಾಳ ಹಾಕ್ತಿತ್ತು. ಎಂಟು ಅಕ್ಷರ, ಒಂದೊಂದಕ್ಕೆ ಎರಡೆರಡು ಹೆಜ್ಜೆ, ಒಟ್ಟು ಹದಿನಾರು. ಸರಿಯಾಗಿ ಕೂರುತ್ತೆ.

"ಮಿಶ್ರಛಾಪು ಬರತ್ತಾ ಇದ್ರಲ್ಲಿ?"

"ಇಲ್ಲಮ್ಮ, ಹದಿನಾರೇ ಹೆಜ್ಜೆ. ಏಳು ಹೇಗೆ ಕೂರತ್ತೆ? ಒಂದರ ಹಿಂದೆ ಒಂದು ಸಾಲು ಜೋಡಿಸಬಹುದು ಅಷ್ಟೆ."

ಅಮ್ಮ ಗೋಡೆ ನೋಡಿ ಎರಡು ನಿಮಿಷ ತುಟಿ ಅಲ್ಲಾಡಿಸಿದಳು. "ಹದಿನಾರೇಳ್ಲ ನೂರಾಹನ್ನೆರಡು. ಏಳು ಸಾಲು ಜೋಡಿಸು. ಮಿಶ್ರಛಾಪು ಹದಿನಾರು ಆವರ್ತ ಆಗಿ ಸರಿಯಾಗಿ ಸಮಕ್ಕೆ ಬರತ್ತೆ. ಇಷ್ಟು ಗೊತ್ತಾಗ್ಲಿಲ್ವಾ, ಎಂಜಿನಿಯರ್ ಅಂತೆ."

ಆ ರಾತ್ರಿ ಏಳು ಸಾಲು ತುಂಬಿಸಿದೆ. ಏಳೇಳು ಹೆಜ್ಜೆಗೆ ಒಂದು ಪೆಟ್ಟು, ಮೂರು ನಾಲ್ಕಾಗಿ ಒಡೆದು. ಪ್ರತಿ ಸಾಲಿನಲ್ಲೂ ಪೆಟ್ಟು ಬೇರೆ ಬೇರೆ ಗುಂಡಿಯ ಮೇಲೆ ಬೀಳುತ್ತೆ, ತಲೆ ಕೆಟ್ಟುಹೋಯ್ತು. ಕೊನೆಗೆ ಓಡಿಸಿದಾಗ ಏಳನೇ ಸಾಲು ಮುಗಿದು ಮೊದಲನೇ ಸಾಲಿಗೆ ಬರೋವಾಗ ಕೂದಲೆಳೆಯಷ್ಟೂ ತಪ್ಪಲಿಲ್ಲ. ಅಡುಗೆಮನೆಯಿಂದ "ಹಾಂ" ಅಂತ ಒಂದು ದನಿ ಬಂತು. ಹನ್ನೊಂದು ವರ್ಷದಲ್ಲಿ ಸಂಗೀತದ ವಿಷಯಕ್ಕೆ ಅಮ್ಮ ನನಗೆ ಕೊಟ್ಟ ಮೊದಲ ಸರ್ಟಿಫಿಕೇಟು ಅದು.

ಆಮೇಲೆ ಯೋಚಿಸಿದರೆ, ಕೈಚೀಲದಲ್ಲಿ ಸಂಗೀತದ ಯಂತ್ರ ಹೊತ್ತು ತಿರುಗೋದನ್ನು ಈ ಮನೆಯಲ್ಲಿ ಶುರು ಮಾಡಿದ್ದು ಅವಳೇ. ನಾನು ಸಣ್ಣವಳಿದ್ದಾಗ ಅಮ್ಮ ವಾರಕ್ಕೆ ಎರಡು ದಿನ ಹಳ್ಳಿ ಶಾಲೆಯೊಂದಕ್ಕೆ ಪಾಠಕ್ಕೆ ಹೋಗ್ತಿದ್ದಳು. ಬಸ್ಸಿನಲ್ಲಿ ತೊಡೆಮೇಲೆ ಎಲೆಕ್ಟ್ರಾನಿಕ್ ಶ್ರುತಿ ಪೆಟ್ಟಿಗೆ. ತಂಬೂರಿ ಹೊತ್ತು ಬಸ್ಸು ಹತ್ತೋಕಾಗುತ್ತಾ? ಈ ಎಲೆಕ್ಟ್ರಾನಿಕ್ ತಂಬೂರಿಯ ಕಥೆಯೂ ನಮ್ಮದೇ ಊರಿನದು. ಬೆಂಗಳೂರಿನ ರಾಡೆಲ್ ಸಂಸ್ಥೆಯ ಜಿ. ರಾಜ್ ನಾರಾಯಣ್ ಅವರು ಎಂಜಿನಿಯರೂ ಹೌದು, ಕೊಳಲು ವಾದಕರೂ ಹೌದು. 1970ರ ದಶಕದ ಕೊನೆಯಲ್ಲಿ ಅವರು ರೂಪಿಸಿದ ಪೆಟ್ಟಿಗೆಗಳು ಆಮೇಲೆ ಕಛೇರಿ ವೇದಿಕೆಗೂ ಬಂದವು, ನಮ್ಮಂಥವರ ನಡುಮನೆಗೂ ಬಂದವು. ಅವು ಬಂದಾಗ 'ಯಂತ್ರಕ್ಕೆ ಜೀವ ಎಲ್ಲಿ' ಅಂತ ಮೂಗು ಮುರಿದವರು ಕಡಿಮೆಯೇನಿರಲಿಲ್ಲ ಅಂತ ಅಮ್ಮನೇ ಹೇಳ್ತಾಳೆ.

ಇನ್ನೊಂದು ಕಥೆ ನನಗೆ ತುಂಬಾ ಇಷ್ಟ. ಜಪಾನಿನ ರೋಲ್ಯಾಂಡ್ ಕಂಪನಿ 1980ರ ದಶಕದ ಶುರುವಿನಲ್ಲಿ ಟಿಬಿ-303 ಅಂತ ಒಂದು ಸಣ್ಣ ಯಂತ್ರ ಮಾಡಿತು. ಒಬ್ಬಂಟಿ ಗಿಟಾರ್ ನುಡಿಸೋರಿಗೆ ಬೇಸ್ ಸಾಥ್ ಕೊಡಲಿ ಅಂತ. ಸೆಲ್ಲಿನ ಮೇಲೂ ಓಡ್ತಿತ್ತು. ಗಿಟಾರಿನವರು ಕಣ್ಣೆತ್ತಿ ನೋಡಲಿಲ್ಲ, ಕೆಲವೇ ವರ್ಷದಲ್ಲಿ ನಿಲ್ಲಿಸಿಬಿಟ್ಟರು. ಆದರೆ ಮುಂಬೈಯಲ್ಲಿ ಹಿಂದಿ ಸಿನಿಮಾ ಹಾಡುಗಳಿಗೆ ನುಡಿಸ್ತಿದ್ದ ಚರಣ್‌ಜಿತ್ ಸಿಂಗ್ 1982ರಲ್ಲಿ ಅದನ್ನೂ ಇನ್ನೆರಡು ರೋಲ್ಯಾಂಡ್ ಯಂತ್ರಗಳನ್ನೂ ಇಟ್ಟುಕೊಂಡು ಹತ್ತು ರಾಗಗಳನ್ನು ಡಿಸ್ಕೋ ಲಯಕ್ಕೆ ಕೂರಿಸಿ ಒಂದು ರೆಕಾರ್ಡ್ ಮಾಡಿದರು. ಯಾರೂ ಕೊಳ್ಳಲಿಲ್ಲ. 2010ರಲ್ಲಿ ಮರುಬಿಡುಗಡೆ ಆದಾಗ, ಅಮೆರಿಕದ ಹುಡುಗರು ಆ ಶೈಲಿಗೆ 'ಆಸಿಡ್ ಹೌಸ್' ಅಂತ ಹೆಸರಿಡೋಕೂ ಎಷ್ಟೋ ವರ್ಷ ಮೊದಲು ಮುಂಬೈಯಲ್ಲಿ ಒಬ್ಬರು ಇದನ್ನೇ ಮಾಡಿಟ್ಟಿದ್ದರಲ್ಲ ಅಂತ ಎಲ್ಲರೂ ಬಾಯಿ ಬಿಟ್ಟರು. ಅಮ್ಮನಿಗೆ ಕೇಳಿಸಿದೆ. "ಭೈರವಿ ಓಡ್ತಾ ಇದೆಯಲ್ಲೇ, ಕೂತ್ಕೊಳ್ಳೋಕೆ ಬಿಡಲ್ವಾ ಅದನ್ನ?" ಅಂದಳು.

ಕಳೆದ ವರ್ಷ ದೀಪಾವಳಿಗೆ ಮೊದಲು ಅಮ್ಮನ ಕುತ್ತಿಗೆಯಲ್ಲಿ ಗಂಟು ಕಾಣಿಸಿತು. ಥೈರಾಯ್ಡ್. ಪರೀಕ್ಷೆ ಎಲ್ಲ ಆಗಿ, ಆಪರೇಷನ್ ಮಾಡಿ ತೆಗೆಯೋದೇ ಒಳ್ಳೇದು ಅಂದರು. ಡಾಕ್ಟರು ಒಳ್ಳೆಯವರು, ಕೂರಿಸಿ ಚಿತ್ರ ಬರೆದು ತೋರಿಸಿದರು. ಗಂಟಲಿನ ತಂತುಗಳನ್ನು ಅಲ್ಲಾಡಿಸೋ ನರ ಆ ಗ್ರಂಥಿಯ ಬೆನ್ನಿಗೇ ಅಂಟಿಕೊಂಡ ಹಾಗೆ ಹಾದುಹೋಗುತ್ತೆ. ತುಂಬಾ ಜಾಗ್ರತೆ ಮಾಡ್ತಾರೆ. ಆದರೂ ಕೆಲವರಿಗೆ ದನಿ ಕೆಲವು ವಾರ, ಕೆಲವು ತಿಂಗಳು ಬದಲಾಗಬಹುದು. ತೀರಾ ಕಡಿಮೆ ಜನಕ್ಕೆ ಕಾಯಂ ಆಗಿ.

"ಮಾತಾಡೋಕೆ ತೊಂದ್ರೆ ಇಲ್ಲ ತಾನೇ?" ಅಂತ ಅಪ್ಪ ಕೇಳಿದರು.

ಅಮ್ಮ ಕೇಳಿದ್ದು, "ತಾರಸ್ಥಾಯಿ ಹತ್ತತ್ತಾ ಡಾಕ್ಟ್ರೇ?"

ಅವರಿಗೆ ಅರ್ಥ ಆಗಲಿಲ್ಲ. ನಾನು ವಿವರಿಸಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಮೇಲಿನ ಸ್ವರಗಳೇ ಮೊದಲು ಕಷ್ಟ ಆಗೋದು. ಗ್ಯಾರಂಟಿ ಕೊಡೋಕೆ ಆಗಲ್ಲಮ್ಮ" ಅಂದರು. ಪ್ರಾಮಾಣಿಕವಾಗಿ ಹೇಳಿದರಲ್ಲ ಅಂತ ಈಗ ಅನ್ನಿಸುತ್ತೆ. ಆವತ್ತು ಅವರ ಮೇಲೆ ಸಿಟ್ಟು ಬಂದಿತ್ತು.

ಆಪರೇಷನ್ನಿಗೆ ಹಿಂದಿನ ರಾತ್ರಿ ಮನೆಯಲ್ಲಿ ಯಾರಿಗೂ ನಿದ್ದೆ ಇಲ್ಲ. ಅಮ್ಮ ಶ್ರುತಿ ಹಾಕ್ಕೊಂಡು ಒಂದು ಕೃತಿ ಹಾಡಿದಳು. ಅದನ್ನು ಫೋನಿನಲ್ಲಿ ರೆಕಾರ್ಡ್ ಮಾಡಿಟ್ಟೆ, ಸುಳ್ಳು ಯಾಕೆ ಹೇಳಲಿ. ಅದು ಇಪ್ಪತ್ತು ನಿಮಿಷ ಇದೆ, ಇವತ್ತಿಗೂ ಪೂರ್ತಿ ಕೇಳೋ ಧೈರ್ಯ ಬಂದಿಲ್ಲ. ನಾಲ್ಕು ಸಾವಿರ ಫೋಟೋ, ಸ್ಕ್ರೀನ್‌ಶಾಟುಗಳ ನಡುವೆ ಎಲ್ಲೋ ಕೂತಿದೆ. ಆಮೇಲೆ ಯಂತ್ರ ತೆಗೆದೆ. ಮೆಟ್ರೋ ಬಾಗಿಲು ಅಳಿಸಿದೆ, ಕಾವಲಿ ಅಳಿಸಿದೆ, ಆಟೋ ಅಳಿಸಿದೆ. ತಟ್ಟೆಯ ಠಣ್ ಒಂದನ್ನು ಉಳಿಸಿಕೊಂಡೆ.

"ಅಮ್ಮಾ, ಒಂದು ಸಾ ಕೊಡು. ಉಸಿರು ಮುಗಿಯೋವರೆಗೆ."

ಐದೂವರೆ ಶ್ರುತಿ ಅಮ್ಮನದು. ಹನ್ನೊಂದು ಸೆಕೆಂಡು ನಿಂತಳು. ಆಮೇಲೆ ಪಂಚಮ, ಆಮೇಲೆ ಮೇಲಿನ ಷಡ್ಜ. ಕೊನೆಗೆ ಉಳಿದ ಜಾಗಕ್ಕೆ "ಪುಟ್ಟೀ, ಕಾಫಿ ಆರತ್ತೆ" ಅಂತ ಅವಳೇ ಹೇಳಿದಳು.

ಗುಂಡಿ ಒತ್ತಿ ಕೇಳಿಸಿದೆ. ಈ ಯಂತ್ರ ಹಳೇ ಟೇಪಿನ ಹಾಗೆ, ಮೇಲೇರಿಸಿದರೆ ವೇಗ ಜಾಸ್ತಿಯಾಗಿ ದನಿ ಎಳೇದಾಗುತ್ತೆ, ಇಳಿಸಿದರೆ ನಿಧಾನವಾಗಿ ದಪ್ಪಗಾಗುತ್ತೆ. ಮೇಲಿನ ಗುಂಡಿಗಳಲ್ಲಿ ಅಮ್ಮ ಆರು ವರ್ಷದ ಹುಡುಗಿ ಆದಳು. ಕೆಳಗಿನ ಗುಂಡಿಗಳಿಗೆ ಬಂದಾಗ ಅವಳು ನನ್ನ ಕೈ ಹಿಡಿದುಕೊಂಡಳು. "ಇದು ನನ್ನಪ್ಪನ ದನಿ ಕಣೇ." ಅಜ್ಜನನ್ನು ನಾನು ನೋಡಿಲ್ಲ. ಅವರ ದನಿಯ ರೆಕಾರ್ಡೂ ಎಲ್ಲೂ ಇಲ್ಲ. ಅಮ್ಮ ಆ ಗುಂಡಿಯನ್ನು ಮತ್ತೆ ಮತ್ತೆ ಒತ್ತಿಸಿದಳು.

ಆಪರೇಷನ್ ಚೆನ್ನಾಗಿ ಆಯ್ತು. ಗಂಟಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ. ದನಿ ಮಾತ್ರ ಬರಲಿಲ್ಲ. ಬರಲಿಲ್ಲ ಅಂದರೆ ಗಾಳಿ ಬಂತು, ಪಿಸುಮಾತು ಬಂತು. ವಾಯ್ಸ್ ಥೆರಪಿಯವರು ಲೋಟದ ನೀರಿಗೆ ಸ್ಟ್ರಾ ಹಾಕಿ 'ಊ' ಅಂತ ಗುಳುಗುಳು ಮಾಡೋಕೆ ಹೇಳಿಕೊಟ್ಟರು. ದಿನಕ್ಕೆ ನಾಲ್ಕು ಸಲ. ಮೂವತ್ತು ವರ್ಷ ಪಾಠ ಹೇಳಿದ ಹೆಂಗಸು ಬಚ್ಚಲಮನೆ ಬಾಗಿಲು ಹಾಕ್ಕೊಂಡು ಗುಳುಗುಳು ಮಾಡೋದನ್ನು ಹೊರಗೆ ನಿಂತು ಕೇಳಿಸಿಕೊಳ್ಳೋದು ನನ್ನಿಂದ ಆಗ್ತಿರಲಿಲ್ಲ. ವರ್ಕ್ ಫ್ರಮ್ ಹೋಮ್ ಮುಗಿಸಿ ರಾತ್ರಿ ರೈಲಿಗೆ ಹೊರಟಾಗ ಯಂತ್ರವನ್ನು ಅವಳ ಶ್ರುತಿ ಪೆಟ್ಟಿಗೆಯ ಪಕ್ಕ ಬಿಟ್ಟು ಬಂದೆ. ಹೇಗೆ ಬಳಸೋದು ಅಂತ ಒಂದು ಹಾಳೆಯಲ್ಲಿ ಬರೆದಿಟ್ಟೆ. ಬಿಡೋ ಮುಂಚೆ ಒಂದು ಕೆಲಸ ಮಾಡಿದ್ದೆ. ಈ ಯಂತ್ರ ತನ್ನೊಳಗಿನ ಎಲ್ಲವನ್ನೂ ಸದ್ದಾಗಿ ಹೊರಹಾಕುತ್ತೆ, ಹಳೇ ಡಯಲ್-ಅಪ್ ಮೋಡೆಮ್ ಕಿರುಚಿದ ಹಾಗೆ. ಅದನ್ನು ಲ್ಯಾಪ್‌ಟಾಪಿನಲ್ಲಿ ರೆಕಾರ್ಡ್ ಮಾಡಿಟ್ಟುಕೊಂಡರೆ ಅದೇ ಬ್ಯಾಕಪ್. ಮಾಡಿಟ್ಟುಕೊಂಡೆ.

ಮೆಟ್ರೋದಲ್ಲಿ ಮತ್ತೆ ಕೈ ಖಾಲಿ. ಫೋನಿಗೆ ಒಂದು ಆ್ಯಪ್ ಹಾಕಿ ನೋಡಿದೆ. ತಾಳ ಕಟ್ಟಿ ಮುಗಿಸೋಷ್ಟರಲ್ಲಿ 'ಬಿಲ್ಡ್ ಫೇಲ್ ಆಗಿದೆ, ನೋಡ್ತೀರಾ' ಅಂತ ಮೆಸೇಜ್ ಬಂತು. 2023ರಲ್ಲಿ ಅದೇ ಕಂಪನಿಯಿಂದ ಬಂದ ದೊಡ್ಡ ಯಂತ್ರ, 64 ಎಂಬಿ ಜಾಗ ಇರೋದು, ಅದನ್ನು ಕಾರ್ಟಿಗೆ ಹಾಕಿ ತೆಗೆದೆ. ಎರಡು ಸಲ.

ಈ ಕಡೆ ಅಮ್ಮ ಪಾಠ ಶುರು ಮಾಡಿದ್ದಳು. ಅಪ್ಪ ಫೋನಿನಲ್ಲಿ ಹೇಳಿದ್ದು: ಮಕ್ಕಳು ಕೂರ್ತವೆ, ಶ್ರುತಿ ಹಾಕ್ತಾಳೆ, ಗುಂಡಿ ಒತ್ತಿ ತನ್ನದೇ ಸಾ ಕೇಳಿಸ್ತಾಳೆ, ಅವು ಹಾಡ್ತವೆ, ಇವಳು ಕೈಯಲ್ಲೇ ತಿದ್ದುತ್ತಾಳೆ. ಸಾ, ಪಾ, ಮೇಲಿನ ಸಾ ಅಷ್ಟೇ. ಉಳಿದದ್ದಕ್ಕೆ ಗುಂಡಿ ಒತ್ತಲ್ಲ. ಯಾಕೆ ಅಂತ ನಾನೇ ಕೇಳಿದೆ. ಪಿಸುದನಿಯಲ್ಲಿ ಹೇಳಿದಳು, "ಗಾಂಧಾರ ಒಂದು ಜಾಗದಲ್ಲಿ ನಿಲ್ಲಲ್ಲ ಪುಟ್ಟಿ. ಅಕ್ಕಪಕ್ಕ ಹೋಗಿಬರ್ಬೇಕು. ಇದ್ರಲ್ಲಿರೋದು ಸ್ವರದ ಫೋಟೋ." ಇದನ್ನು ನಾನು ಒಪ್ಪಲೇಬೇಕು. ಗಮಕದ ಮುಂದೆ ಈ ಹದಿನಾರು ಗುಂಡಿ ಮೂಕ.

ಮೂರನೇ ತಿಂಗಳಿಗೆ ದನಿ ವಾಪಸ್ ಬಂತು. ಸಂಕ್ರಾಂತಿ ಕಳೆದು ಊರಿಗೆ ಹೋದಾಗ ಬಾಗಿಲಲ್ಲೇ "ಬಂದ್ಯಾ" ಅಂದದ್ದು ಕೇಳಿ ಬ್ಯಾಗು ಕೆಳಗಿಟ್ಟು ನಿಂತುಬಿಟ್ಟೆ. ದನಿ ಅಮ್ಮನದೇ, ಆದರೆ ಒಂದು ಕೋಣೆ ಒಳಗಿನಿಂದ ಬಂದ ಹಾಗೆ. ಸ್ವಲ್ಪ ಒರಟು, ಸ್ವಲ್ಪ ಕೆಳಗೆ.

ಮಧ್ಯಾಹ್ನ ಊಟ ಆದ ಮೇಲೆ ಯಂತ್ರ ಎತ್ತಿಕೊಂಡು ಮೊದಲ ಜಾಗದ ಗುಂಡಿ ಒತ್ತಿದೆ. ಬಂದದ್ದು ಬೇರೆ ಸಾ. ನಡುವೆ ಒಂದು ಕಡೆ ಬಿರುಕು, ಆರು ಸೆಕೆಂಡಿಗೇ ಉಸಿರು ಮುಗಿಯುತ್ತೆ. ಪಂಚಮವೂ ಹೊಸದು. ಮೇಲಿನ ಷಡ್ಜದ ಜಾಗ ಖಾಲಿ. 'ಕಾಫಿ ಆರತ್ತೆ'ಯೂ ಇಲ್ಲ, ಆ ಜಾಗದಲ್ಲಿ ಯಾವುದೋ ಮಗು ಸರಿಗಮ ಅಂತಿದೆ.

"ಅಮ್ಮಾ! ಅದನ್ನ ಅಳಿಸಿಬಿಟ್ಯಾ?"

"ಜಾಗ ಇರ್ಲಿಲ್ಲ ಕಣೇ. ನೀನೇ ಬರ್ದಿಟ್ಟಿದ್ಯಲ್ಲ ಹಾಳೇಲಿ, ಹೊಸದು ಬೇಕಂದ್ರೆ ಹಳೇದು ತೆಗೀಬೇಕು ಅಂತ."

"ಅದು ನಿನ್ನ ಮೊದಲಿನ ದನಿ ಅಮ್ಮ."

"ಅದು ಐದೂವರೆ. ನನಗೀಗ ನಾಲ್ಕು ಹತ್ತೋದೇ ಕಷ್ಟ. ಮಕ್ಕಳಿಗೆ ಒಂದು ಶ್ರುತೀಲಿ ಕೇಳಿಸಿ, ನಾನು ಇನ್ನೊಂದ್ರಲ್ಲಿ ಹಾಡಿದ್ರೆ ಅವಕ್ಕೆ ಗೊಂದಲ. ಅದನ್ನಿಟ್ಕೊಂಡು ನಾನೇನು ಮಾಡ್ಲಿ ಹೇಳು?"

ನನಗೆ ಅಳು ಬಂತು, ಅವಳಿಗೆ ಬರಲಿಲ್ಲ. ತಟ್ಟೆಯ ಠಣ್ ಮಾತ್ರ ಉಳಿಸಿದ್ದಳು. ಅದು ಅವಳ ಶ್ರುತಿಗೆ ಹತ್ತಿರ ಇದೆಯಂತೆ.

ಲ್ಯಾಪ್‌ಟಾಪಿನಲ್ಲಿ ಆ ಕಿರುಚಾಟದ ಫೈಲು ಇನ್ನೂ ಇದೆ. ಅದನ್ನು ವಾಪಸ್ ತುಂಬಿಸಿದರೆ ಹಳೇ ಸಾ ಬರುತ್ತೆ. ಆದರೆ ಈ ಯಂತ್ರದಲ್ಲಿ ಹಾಗೆ ತುಂಬಿಸುವಾಗ ಈಗ ಒಳಗಿರೋದೆಲ್ಲ ಹೋಗುತ್ತೆ, ಬಿರುಕಿನ ಸಾ, ಮಗುವಿನ ಸರಿಗಮ, ಎಲ್ಲ. ಅವತ್ತು ರಾತ್ರಿ ಕೇಬಲ್ ಕೈಯಲ್ಲಿ ಹಿಡ್ಕೊಂಡು ಬಹಳ ಹೊತ್ತು ಕೂತಿದ್ದೆ. ಆಮೇಲೆ ಕೇಬಲ್ ಸುತ್ತಿ ಬ್ಯಾಗಿಗೆ ಹಾಕಿದೆ. ಇನ್ನೊಂದು ಪಿಒ-33 ಕೊಂಡರೆ ಎರಡನ್ನೂ ಇಟ್ಟುಕೊಳ್ಳಬಹುದಲ್ಲ ಅಂತ ನೀವು ಕೇಳಬಹುದು. ನಾನೂ ಕೇಳಿಕೊಂಡಿದ್ದೀನಿ. ಕೊಂಡಿಲ್ಲ.

ಯಂತ್ರ ಈಗ ಸಾಗರದಲ್ಲೇ ಇದೆ. ವಾಪಸ್ ಕೇಳಿದರೆ "ಪರೀಕ್ಷೆ ಮುಗೀಲಿ, ಮಕ್ಕಳಿಗೆ ತಾಳ ಹಾಕೋಕೆ ಬೇಕು" ಅಂತಾಳೆ. ಮೊನ್ನೆ ಬೆಳಿಗ್ಗೆ ಮೆಟ್ರೋದಲ್ಲಿ ಜನ ಕಿಕ್ಕಿರಿದಿರೋವಾಗ ಫೋನ್ ಮಾಡಿದಳು. ಖಂಡಛಾಪು ಕೂರಿಸ್ತಿದ್ದಾಳಂತೆ, ಐದು ಸಾಲು, ಎಂಬತ್ತು ಹೆಜ್ಜೆ. ನಾಲ್ಕನೇ ಸಾಲಿನಲ್ಲಿ ಒಂದು ಪೆಟ್ಟು ತಪ್ಪಿದೆ, ಎಲ್ಲಿ ಅಂತ ಸಿಗ್ತಿಲ್ಲ. ಫೋನನ್ನು ಯಂತ್ರದ ಹತ್ತಿರ ಹಿಡಿದಳು. ನಾನು ಒಂದು ಕೈಯಲ್ಲಿ ಕಂಬ ಹಿಡಿದು, ಇನ್ನೊಂದು ಕಿವಿ ಮುಚ್ಚಿಕೊಳ್ಳೋಕೆ ಕೈ ಸಾಲದೆ ಭುಜಕ್ಕೆ ಒತ್ತಿಕೊಂಡು, ಬೆರಳಲ್ಲೇ ಎಣಿಸಿದೆ.

"ಹದಿನಾಲ್ಕನೇ ಗುಂಡಿ ಅಮ್ಮ. ಅಲ್ಲಿಂದ ತೆಗೆದು ಹದಿಮೂರಕ್ಕೆ ಹಾಕು."

"ಹಾಂ," ಅಂದಳು. "ಬರೋವಾಗ ಆ ಸಣ್ಣ ಸೆಲ್ಲು ತಗೊಂಬಾ. ಇಲ್ಲಿ ಗಡಿಯಾರದ್ದು ಕೊಡ್ತಾರೆ, ಬೇಗ ಇಳಿಯತ್ತೆ."